ಮೀಸಲು ಮರಿ

ಜೀವವಿಕಾಸದ ಪಾಠವನ್ನು ನಾನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಮಧುಗಿರಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ ನಾನು. ಜಿರಾಫೆಯ ಕತ್ತು ಉದ್ದವಾದದ್ದು ಹೇಗೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು, ನಿಸರ್ಗದ ಆಯ್ಕೆ ಎಂಬ ಪದದ ಕೆಳಗೆ ಎರಡು ಗೆರೆ ಎಳೆದು, ಇದು ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಹೆದರಿಸಿ ಮುಂದಿನ ಪಾಠಕ್ಕೆ ಹೋಗುವುದು ನನ್ನ ಕ್ರಮ. ಇದೆಲ್ಲ ಯಾವ ಪುಸ್ತಕದಿಂದ ಬಂತೋ ಅದನ್ನು ಮಾತ್ರ ಕಣ್ಣಿಂದಲೂ ನೋಡಿರಲಿಲ್ಲ. ಯಾರೂ ಕೇಳಿರಲಿಲ್ಲವಾದ್ದರಿಂದ ನಾಚಿಕೆಯೂ ಆಗಿರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿಬಿಟ್ಟಳು. "ಮೇಡಂ, ಇದೆಲ್ಲ ಬರ್ದಿರೋ ಆ ಪುಸ್ತಕ ನೀವು ಓದಿದೀರಾ? ಅದ್ರಲ್ಲಿ ಮೊದ್ಲು ಏನೈತೆ?"

"ಓದದೆ ಪಾಠ ಮಾಡ್ತಾರಾ? ಕೂತ್ಕೊ" ಎಂದು ಗದರಿದೆ. ಅವಳು ಕೂತಳು. ನನಗೆ ಸಿಟ್ಟು ಬೇಗ ಬರುತ್ತದೆ. ಬಂದಾಗಲೆಲ್ಲ ತಪ್ಪು ಹೆಚ್ಚಾಗಿ ನನ್ನ ಕಡೆಯೇ ಇರುತ್ತದೆ ಎಂಬುದು ಈಚೆಗೆ ಅರ್ಥವಾಗಿದೆ. ಅದೇ ವಾರ ಪರಿಚಯದ ಲೆಕ್ಚರರ್ ಒಬ್ಬರನ್ನು ಕಾಡಿ, ಅವರ ಕಾಲೇಜಿನ ಲೈಬ್ರರಿಯಿಂದ ಆ ಪುಸ್ತಕದ ಕನ್ನಡ ಅನುವಾದ ತರಿಸಿಕೊಂಡೆ. ದಪ್ಪ ಪುಸ್ತಕ. ಬೆನ್ನು ಕಿತ್ತುಹೋಗಿ ಯಾರೋ ಬಟ್ಟೆ ಅಂಟಿಸಿದ್ದರು. ಹಿಂದಿನ ಚೀಟಿಯಲ್ಲಿ ತಾರೀಕಿನ ಮುದ್ರೆ ಎರಡೇ ಎರಡು ಇದ್ದವು.

ಸಾರು ಕುದಿಯಲು ಇಟ್ಟು ಅಡುಗೆಮನೆಯಲ್ಲೇ ಕೂತು ತೆರೆದೆ. ಮಂಗ, ಮನುಷ್ಯ, ದೂರದ ದ್ವೀಪದ ಹಕ್ಕಿ, ಇಂಥದ್ದೇನಾದರೂ ಮೊದಲ ಪುಟಗಳಲ್ಲಿ ಸಿಗುತ್ತದೆ ಅಂದುಕೊಂಡಿದ್ದೆ. ಸಿಕ್ಕಿದ್ದು ಪಾರಿವಾಳ, ನಾಯಿ, ದನ, ಕುರಿ. ಜನ ತಮ್ಮ ಮನೆಯಲ್ಲಿ ಸಾಕಿಕೊಂಡ ಪ್ರಾಣಿಗಳು. ಸಾಕುವವನು ತನಗೆ ಬೇಕಾದದ್ದನ್ನು ಉಳಿಸಿಕೊಳ್ಳುತ್ತಾನೆ, ಬೇಡದ್ದನ್ನು ಕಳಿಸಿಬಿಡುತ್ತಾನೆ, ಉಳಿದದ್ದಕ್ಕೆ ಮರಿಯಾಗುತ್ತದೆ, ಹೀಗೆ ತಲೆಮಾರು ಕಳೆದರೆ ಮಂದೆಯ ರೂಪವೇ ಬೇರೆಯಾಗಿರುತ್ತದೆ ಎಂಬ ಮಾತನ್ನು ಪುಸ್ತಕ ಬರೆದ ಮನುಷ್ಯ ನಿಧಾನವಾಗಿ, ಒಂದಾದ ಮೇಲೊಂದು ಉದಾಹರಣೆ ಕೊಟ್ಟು ಹೇಳಿಕೊಂಡು ಹೋಗುತ್ತಾನೆ. ಇಷ್ಟು ದೊಡ್ಡ ವಿಷಯವನ್ನು ಹೇಳುವ ಮೊದಲು ಅವನು ಕುರಿ ಸಾಕುವವರ ಬಾಗಿಲಿಗೆ ಹೋಗಿ ಕೂತಿದ್ದನಲ್ಲ ಎಂದು ನನಗೆ ಖುಷಿಯಾಯಿತು. ಆ ಖುಷಿ ಹತ್ತು ಪುಟದಷ್ಟು ಹೊತ್ತು ಇತ್ತು. ಆಮೇಲೆ ಪುಸ್ತಕ ಮುಚ್ಚಿ ಒಲೆ ಆರಿಸಿದೆ. ಅವತ್ತು ಸಾರಿಗೆ ಉಪ್ಪು ಹಾಕಿರಲಿಲ್ಲ ಎಂದು ಮನೆಯವರು ಊಟಕ್ಕೆ ಕೂತಾಗ ಹೇಳಿದರು.

ಯಾಕೆ ಹಾಗಾಯಿತು ಎಂದು ಹೇಳಬೇಕಾದರೆ ನಮ್ಮ ಮನೆಯ ವಿಷಯ ಹೇಳಬೇಕು.

ನಾನು ಕುರಿಯವರ ಮನೆಯ ಮಗಳು. ಶಿರಾ ತಾಲ್ಲೂಕಿನಲ್ಲಿ ಹುಲಿಕುಂಟೆಯಿಂದಾಚೆ ನಮ್ಮ ಹಟ್ಟಿ. ಅಪ್ಪನಿಗೆ ಎಂಬತ್ತರ ಹತ್ತಿರ. ಕಣ್ಣಿನ ನರ ಒಣಗಿ ನಾಲ್ಕು ವರ್ಷದಿಂದ ಬೆಳಕು, ಕತ್ತಲೆ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಮಂದೆಯನ್ನು ತಮ್ಮ ನೋಡಿಕೊಳ್ಳುತ್ತಾನೆ. ತಮ್ಮನ ಹೆಂಡತಿ ಪಾವಗಡದ ಕಡೆಯವಳು, ಪಿಯುಸಿವರೆಗೆ ಓದಿದವಳು, ಕನ್ನಡದ ನಡುವೆ ತೆಲುಗು ಹಾಕಿಯೇ ಮಾತಾಡುವವಳು. ಅವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು. ನಾನು ತಿಂಗಳಿಗೆ ಎರಡು ಮೂರು ಭಾನುವಾರ ಹೋಗುತ್ತೇನೆ. ಶಿರಾಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಕೊನೆಗೆ ತಮ್ಮನ ಬೈಕು.

ನಮ್ಮ ಮನೆದೇವರಿಗೆ ವರ್ಷಕ್ಕೊಂದು ಟಗರು ಕೊಡಬೇಕು. ಆರಿಸುವುದು ದೀಪಾವಳಿಯ ಪಾಡ್ಯದ ದಿನ, ಕೊಡುವುದು ಬೇಸಿಗೆಯ ಹಬ್ಬದಲ್ಲಿ. ಆ ವರ್ಷದ ಗಂಡು ಮರಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದೋ ಅದೇ ಆಗಬೇಕು. ಎದೆ ಅಗಲವಿರಬೇಕು, ಬೆನ್ನು ನೇರವಿರಬೇಕು, ಕಾಲಿನಲ್ಲಿ ಊನ ಇರಬಾರದು. ಆರಿಸಿದ ಮರಿಯ ಕಿವಿಯ ತುದಿಯನ್ನು ಚೂರು ಕತ್ತರಿಸಿ ಹಣೆಗೆ ಅರಿಸಿನ ಹಚ್ಚುತ್ತಾರೆ. ಅಂದಿನಿಂದ ಅದು ಮೀಸಲು ಮರಿ. ಮೀಸಲು ಎಂದರೆ ಅದು ಹೆಣ್ಣುಕುರಿಯನ್ನು ಮುಟ್ಟಿರಬಾರದು. ಅದಕ್ಕೇ ಹಬ್ಬದವರೆಗೆ ಅದರ ಹೊಟ್ಟೆಯ ಕೆಳಗೆ ಗೋಣಿಯ ತುಂಡು ಕಟ್ಟಿರುತ್ತಾರೆ. ಎರಡನೆಯದನ್ನು ದೇವರಿಗೆ ಕೊಡುವುದೆಂದರೆ ನೆಂಟರ ಎಲೆಗೆ ತಂಗಳು ಬಡಿಸಿದ ಹಾಗೆ, ಅಷ್ಟು ಅವಮಾನ. ಅಪ್ಪನಂತೂ ಈ ವಿಷಯದಲ್ಲಿ ಹಟ್ಟಿಗೇ ಹೆಸರಾದವನು. ಮಳೆ ಕೈಕೊಟ್ಟು ಕುರಿಗಳು ಸತ್ತ ವರ್ಷಗಳಲ್ಲೂ ಅವನು ಮೊದಲನೆಯದನ್ನೇ ಹಿಡಿದು ನಿಲ್ಲಿಸಿದ. ಎಷ್ಟೋ ಜನ ಮೆಲ್ಲಗೆ ಎರಡನೆಯದನ್ನೋ ಮೂರನೆಯದನ್ನೋ ಮುಂದೆ ಮಾಡುತ್ತಿದ್ದರು. ಅಪ್ಪ ಅವರನ್ನು ಕಂಡರೆ ಮಾತಾಡಿಸುತ್ತಿರಲಿಲ್ಲ.

ನನಗೆ ಹದಿಮೂರು ವರ್ಷವಾಗಿದ್ದಾಗ ಒಂದು ಕುರಿ ಈದ ದಿನವೇ ಸತ್ತಿತು. ಅದರ ಗಂಡು ಮರಿಯನ್ನು ನಾನು ಸಾಕಿದೆ. ಕಪ್ಪು ಮೈ, ಹಣೆಯ ಮೇಲೆ ಕಾಸಿನಗಲ ಬಿಳಿ. ಮೇಕೆ ಹಾಲು ಕರೆದು ಬಾಟಲಿಯಲ್ಲಿ ಕುಡಿಸಿದೆ, ಸ್ಕೂಲಿಂದ ಬರುತ್ತಾ ಹೊಂಗೆ, ಜಾಲಿಕಾಯಿ, ಏನು ಸಿಕ್ಕರೆ ಅದು ತಂದು ಹಾಕಿದೆ. ತಾಯಿ ಇದ್ದ ಮರಿಗಳಿಗಿಂತ ಚೆನ್ನಾಗಿ ಬೆಳೆಯಿತು. ಅಷ್ಟು ಚೆನ್ನಾಗಿ ಬೆಳೆದರೆ ಏನಾಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಪಾಡ್ಯದ ದಿನ ಅಪ್ಪ ಎಲ್ಲ ಮರಿಗಳನ್ನೂ ಸವರಿಕೊಂಡು ಬಂದು ಅದರ ಹತ್ತಿರ ನಿಂತ.

ಬೇಸಿಗೆ ಹಬ್ಬದ ಹಿಂದಿನ ಸಾಯಂಕಾಲ, ಎಲ್ಲರೂ ದೇವರ ಸಾಮಾನು ತೊಳೆಯುತ್ತಿದ್ದಾಗ, ನಾನು ರೊಪ್ಪದ ಮುಳ್ಳುಬೇಲಿಯ ಬಾಗಿಲು ಸರಿಸಿ ಅದನ್ನು ಹೊರಗೆ ಬಿಟ್ಟೆ. ಕುರಿಗಳನ್ನು ಕೂಡುವ ಜಾಗಕ್ಕೆ ನಮ್ಮ ಕಡೆ ರೊಪ್ಪ ಎನ್ನುತ್ತಾರೆ. ಹೊಟ್ಟೆಯ ಗೋಣಿ ಬಿಚ್ಚಿ, ಕಲ್ಲು ಬೀಸಿ, ಗುಡ್ಡದ ಕಡೆ ಓಡಿಸಿದೆ. ಅದು ಎರಡು ಸಲ ತಿರುಗಿ ನನ್ನ ಹತ್ತಿರವೇ ಬಂತು. ಮೂರನೆಯ ಸಲ ಕಲ್ಲು ಮೈಗೇ ತಾಗಿತು, ಆಗ ಹೋಯಿತು. ಗುಡ್ಡದಲ್ಲಿ ಹುಲ್ಲಿದೆ, ನೀರಿನ ದೊಣೆ ಇದೆ, ಬದುಕಿಕೊಳ್ಳುತ್ತದೆ ಎಂದು ನಂಬಿದ್ದೆ. ಬೆಳಿಗ್ಗೆ ಬಂಡೆಯ ಕೆಳಗೆ ಅದರ ಕೊರಳ ಗಂಟೆಯೂ ಸ್ವಲ್ಪ ಉಣ್ಣೆಯೂ ಸಿಕ್ಕವು. ಚಿರತೆ ತಿಂದಿತ್ತು. ಆ ವರ್ಷ ದೇವರಿಗೆ ಎರಡನೆಯ ಮರಿ ಹೋಯಿತು.

ಅಪ್ಪ ಹೊಡೆಯಲಿಲ್ಲ. ಗಂಟೆಯನ್ನು ನನ್ನ ಮುಂದಿಟ್ಟು, "ಇನ್ಮೇಲೆ ನೀನು ರೊಪ್ಪದೊಳಕ್ಕೆ ಕಾಲಿಡಬ್ಯಾಡ" ಎಂದ. ಅಷ್ಟೇ.

ನಾನು ಇಟ್ಟಿಲ್ಲ. ಮೂವತ್ತನಾಲ್ಕು ವರ್ಷ. ಮದುವೆಯಾಗಿ ಹೋಗುವ ದಿನ ಹೆಣ್ಣುಮಕ್ಕಳು ಮಂದೆಗೆ ಕೈಮುಗಿದು ಹೊರಡುತ್ತಾರೆ, ನಾನು ಬೇಲಿಯ ಆಚೆಯಿಂದ ಮುಗಿದೆ. ನನ್ನ ಮಗಳನ್ನು ತಮ್ಮ ಎತ್ತಿಕೊಂಡು ಹೋಗಿ ಮರಿಗಳ ನಡುವೆ ಬಿಟ್ಟಾಗಲೂ ನಾನು ಆಚೆಯೇ ನಿಂತಿದ್ದೆ. ಆ ವರ್ಷದ ಈಚೆಗೆ ಮಂದೆ ಕುಗ್ಗುತ್ತಾ ಬಂತು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಜೋರಾಗಿ ಆಡದ ಮಾತು. ತಲೆಯ ಲೆಕ್ಕದಲ್ಲಿ ಕುಗ್ಗಲಿಲ್ಲ, ಮೈಕಟ್ಟಿನಲ್ಲಿ ಕುಗ್ಗಿತು. ತಾತನ ಕಾಲದ ಟಗರು ಅಪ್ಪನ ಸೊಂಟಕ್ಕೆ ಬರುತ್ತಿತ್ತಂತೆ. ಈಗಿನವು ತೊಡೆಯ ಮಧ್ಯಕ್ಕೂ ಬರುವುದಿಲ್ಲ. ಬಕ್ರೀದಿಗೆ ಟಗರು ನೋಡಲು ಶಿರಾದಿಂದ ಬರುತ್ತಿದ್ದ ಸಾಹೇಬರು ಈಗೀಗ ಚಹಾ ಕುಡಿದು, ಅಪ್ಪನ ಆರೋಗ್ಯ ವಿಚಾರಿಸಿ, ಮುಂದಿನ ಹಟ್ಟಿಗೆ ಹೋಗುತ್ತಾರೆ. ಅವ್ವ ಸಾಯುವ ಹಿಂದಿನ ವರ್ಷ ಒಮ್ಮೆ, "ನಿಮ್ಮಪ್ಪ ನಿನ್ನ ಬಯ್ಯಲ್ಲ ಕಣೆ, ಆದ್ರೆ ಮರಿ ಹುಟ್ಟಿದಾಗೆಲ್ಲ ಅದ್ನೇ ಯೋಚನೆ ಮಾಡ್ತಾನೆ. ದೇವ್ರ ಕಣ್ಣು ತಪ್ಪೋಯ್ತು ಅಂತಾನೆ" ಎಂದಳು. ನಾನು ವಿಜ್ಞಾನ ಓದಿದವಳು, ಇದನ್ನೆಲ್ಲ ನಂಬುವವಳಲ್ಲ. ಆದರೆ ನಂಬದಿರುವುದು ಬೇರೆ, ಬೇಲಿಯ ಆಚೆ ನಿಲ್ಲುವುದು ಬೇರೆ. ಪ್ರತಿ ಸಲ ಅಲ್ಲಿ ನಿಂತಾಗ ನನಗೆ ಹದಿಮೂರು ವರ್ಷ.

ಈಗ ಅಡುಗೆಮನೆಗೆ ಬರುತ್ತೇನೆ. ಒಳ್ಳೆಯದನ್ನು ಉಳಿಸಿಕೊಂಡರೆ ಮಂದೆ ಒಳ್ಳೆಯದಾಗುತ್ತದೆ ಎಂಬಲ್ಲಿಗೆ ಬಂದಾಗ ನನ್ನ ಬೆರಳು ಸಾಲಿನ ಮೇಲೆಯೇ ನಿಂತಿತು. ಹಾಗಾದರೆ ಉಳಿಸಿಕೊಳ್ಳದಿದ್ದರೆ? ವರ್ಷ ವರ್ಷವೂ ಎಲ್ಲಕ್ಕಿಂತ ಒಳ್ಳೆಯ ಗಂಡು ಮರಿಯನ್ನು, ಅದಕ್ಕೆ ಒಂದೇ ಒಂದು ಮರಿ ಹುಟ್ಟುವ ಮೊದಲೇ, ಹೊಟ್ಟೆಗೆ ಗೋಣಿ ಕಟ್ಟಿ ಕಾದು, ಮಂದೆಯಿಂದ ತೆಗೆದರೆ? ನಮ್ಮ ಮಂದೆಗೆ ತಂದೆಯಾದದ್ದು ಯಾವತ್ತೂ ಎರಡನೆಯದು, ಮೂರನೆಯದು. ತಾತನೂ ಹಾಗೆಯೇ ಮಾಡಿದ್ದ, ಆದರೆ ಅವನ ಕಾಲದಲ್ಲಿ ದಾರಿಯಲ್ಲಿ ಬರುವ ಬೇರೆ ಮಂದೆಗಳ ಟಗರುಗಳೂ ಸೇರುತ್ತಿದ್ದವು. ಅಪ್ಪ ಆಚಾರ ಕೆಡುತ್ತದೆಂದು ಅದನ್ನೂ ನಿಲ್ಲಿಸಿದ್ದ. ಮೇವು ಕಡಿಮೆಯಾದದ್ದೂ ನಿಜ. ಗುಡ್ಡಕ್ಕೆ ಬೇಲಿ ಬಂತು, ಪಾವಗಡದ ಕಡೆ ಮೇಯಿಸುತ್ತಿದ್ದ ಬಯಲುಗಳಲ್ಲಿ ಸೋಲಾರ್ ಬಂತು. ಪಾಠ ಮಾಡುವವಳಾಗಿ ನಾನು ಇಷ್ಟು ಒಂದು ಕಾರಣದಿಂದ, ಇಷ್ಟು ಇನ್ನೊಂದರಿಂದ ಎಂದು ಅಳೆದು ಹೇಳಲಾರೆ. ಆದರೂ ಒಂದು ಮಾತು ಹಗಲಿನಷ್ಟು ಸ್ಪಷ್ಟವಾಗಿತ್ತು. ಮಂದೆ ಕುಗ್ಗಿದ್ದು ನಾನು ಬಿಟ್ಟ ಒಂದು ಮರಿಯಿಂದಲ್ಲ. ಅಪ್ಪ ಭಕ್ತಿಯಿಂದ ಕೊಟ್ಟ ಅಷ್ಟೂ ಮರಿಗಳಿಂದ.

ಮೊದಲು ಬಂದದ್ದು ಸಂತೋಷ ಎಂದು ಒಪ್ಪಿಕೊಳ್ಳುತ್ತೇನೆ. ಕೆಟ್ಟ ಸಂತೋಷ. ಪುಸ್ತಕ ಹಿಡಿದುಕೊಂಡು ಹೋಗಿ ಅಪ್ಪನ ಮುಂದೆ ನಿಂತು, ನೋಡು, ನನ್ನದೇನೂ ಇಲ್ಲ, ಎಲ್ಲ ನಿನ್ನದೇ ಎಂದು ಹೇಳುವುದನ್ನು ಮನಸ್ಸಿನಲ್ಲೇ ನಾಲ್ಕೈದು ಸಲ ಹೇಳಿಕೊಂಡೆ. ಐದನೆಯ ಸಲ ಅಪ್ಪನ ಮುಖ ಕಂಡಿತು. ಎಂಬತ್ತು ವರ್ಷದ ಕುರುಡನಿಗೆ, ನೀನು ಪ್ರಾಣ ಹಿಡಿದು ಪಾಲಿಸಿದ್ದೇ ನಿನ್ನ ಮಂದೆಯನ್ನು ತಿಂದಿತು ಎಂದು ಹೇಳಿ ನಾನು ಏನನ್ನು ಗೆಲ್ಲಬೇಕಾಗಿತ್ತು?

ಆದರೂ ಮುಂದಿನ ಭಾನುವಾರ ಪುಸ್ತಕ ನನ್ನ ಚೀಲದಲ್ಲಿತ್ತು. ಬಸ್ಸಿನಲ್ಲಿ ಓದಲು ಎಂದು ನನಗೆ ನಾನೇ ಹೇಳಿಕೊಂಡೆ.

ಅಪ್ಪ ಜಗುಲಿಯ ಮೇಲೆ ಕಂಬಳಿ ಹಾಸಿ ಕೂತಿದ್ದ. ಪಕ್ಕದಲ್ಲಿಟ್ಟ ಚೀಲವನ್ನು ಕೈಯಿಂದ ತಡಕಿ, "ಇದೇನವ್ವ, ಇಟ್ಟಿಗೆ ಹೊತ್ಕೊಂಡು ಬಂದಿದೀಯ?" ಎಂದ.

"ಪುಸ್ತಕ ಕಣಪ್ಪ."

"ಇಷ್ಟು ದಪ್ಪಕ್ಕೆ ಏನು ಬರ್ದವ್ರೆ?"

"ಪಾರಿವಾಳದ ವಿಷ್ಯ, ಕುರಿ ವಿಷ್ಯ."

"ಕುರಿ ವಿಷ್ಯನಾ?" ಅಪ್ಪ ನೆಟ್ಟಗೆ ಕೂತ. "ಓದು, ಕೇಳಾನ."

ಓದಿದೆ. ಅವತ್ತು ಮಾತ್ರವಲ್ಲ, ಆಮೇಲಿನ ಮೂರು ಭಾನುವಾರವೂ ತಪ್ಪದೆ ಹೋಗಿ ಓದಿದೆ. ತಮ್ಮನ ಹೆಂಡತಿ ಮೊರದಲ್ಲಿ ರಾಗಿ ಕೇರುತ್ತಾ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ಆ ಪುಸ್ತಕಕ್ಕೆ ಅಪ್ಪನಷ್ಟು ಒಳ್ಳೆಯ ಓದುಗ ನಮ್ಮ ಜಿಲ್ಲೆಯಲ್ಲೇ ಇನ್ನೊಬ್ಬ ಇರಲಾರ. ದೊಡ್ಡ ದೊಡ್ಡ ಮನುಷ್ಯರು ಪಾರಿವಾಳ ಸಾಕಲು ಸಂಘ ಕಟ್ಟಿಕೊಂಡಿದ್ದರು ಎಂದಾಗ, "ಮಾಡಕ್ಕೆ ಬದುಕಿರ್ಲಿಲ್ವಾ ಅವ್ರಿಗೆ" ಎಂದು ನಕ್ಕ. ಕಣ್ಣಿಗೆ ಬೀಳದಷ್ಟು ಸಣ್ಣ ವ್ಯತ್ಯಾಸವನ್ನೂ ಪಳಗಿದ ಸಾಕುವವನು ಗುರುತಿಸುತ್ತಾನೆ ಎಂದು ಓದಿದಾಗ ನಗಲಿಲ್ಲ. "ಸರಿಯಾಗಿ ಬರ್ದವ್ನೆ. ಕುರಿ ಕಾದಿದ್ನಾ ಇವ್ನು?" ಎಂದ.

"ಕಾದಿಲ್ಲ. ಕಾದೋರ್ನ ಕೇಳಿ ತಿಳ್ಕೊಂಡ."

"ಓದಿದೋನು ಅಂಗೆ ಬಂದು ಕೇಳೋದು ದೊಡ್ಡದು ಕಣವ್ವ. ಈಗ ಯಾರು ಕೇಳ್ತಾರೆ."

ಆ ಕೆಲವು ವಾರ ನಮ್ಮಿಬ್ಬರ ನಡುವೆ ಬೇಲಿ ಇರಲಿಲ್ಲ. ಅದಕ್ಕೂ ಮೊದಲು ಅಪ್ಪನ ಜೊತೆ ಅಷ್ಟು ಹೊತ್ತು ಕೂತದ್ದು ನನ್ನ ನೆನಪಿನಲ್ಲೇ ಇಲ್ಲ. ಅವನಿಗೆ ಒಗ್ಗದ ಜಾಗಗಳೂ ಇದ್ದವು. ಗಿಡಗಳ ವಿಷಯ ಬಂದರೆ ತೂಕಡಿಸುತ್ತಿದ್ದ. ನಾನು ಬೇಕೆಂದೇ ನಿಧಾನವಾಗಿ ಓದುತ್ತಿದ್ದೆ, ಯಾಕೆಂದರೆ ಮುಂದೆ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು.

ನಾಲ್ಕನೆಯ ಭಾನುವಾರ ಅದು ಬಂತು. ಒಂದೇ ಮೂಲದ ಕುರಿಗಳನ್ನು ಇಬ್ಬರು ಬೇರೆ ಬೇರೆಯಾಗಿ ಸಾಕಿದರು, ಇಬ್ಬರೂ ಬೇರೆ ತಳಿ ಬೆರೆಸಲಿಲ್ಲ, ಆದರೂ ವರ್ಷಗಳು ಕಳೆದ ಮೇಲೆ ಎರಡು ಮಂದೆ ನೋಡಿದವರು ಇವು ಬೇರೆ ಬೇರೆ ಜಾತಿ ಎನ್ನುವಂತಾಯಿತು ಎಂಬ ವಿಷಯ. ಓದಿ ಮುಗಿಸುವ ಮೊದಲೇ ಅಪ್ಪ ಕೈಯೆತ್ತಿ ನಿಲ್ಲಿಸಿದ.

"ಇದು ನಮ್ದೇ ಕಥೆ. ನಿಡುಗಲ್ ಕಡೆ ನಮ್ಮ ಸೋದರಮಾವಂಗೆ ನಮ್ಮಪ್ಪ ಹತ್ತು ಕುರಿ, ಒಂದು ಟಗರು ಕೊಟ್ಟಿದ್ದ. ನಮ್ಮ ಮಂದೇವೇ. ಈಗ ಅವ್ರ ಕುರಿ ನೋಡು, ನಮ್ಮವು ನೋಡು. ಒಂದೇ ಮನೆಯವು ಅಂದ್ರೆ ಯಾರಾದ್ರೂ ನಂಬ್ತಾರಾ? ಅವ್ರ ಟಗರು ಈಗ್ಲೂ ಸೊಂಟಕ್ಕೆ ಬತ್ತಾವೆ."

"ಅಲ್ಲಿ ಮೇವು ಚೆನ್ನಾಗಿರ್ಬೋದು" ಎಂದೆ.

"ನಿಡುಗಲ್ಲಲ್ಲಿ ಮೇವಾ? ಅಲ್ಲಿ ಬರೀ ಬಂಡೆ." ಎಂದ ಅಪ್ಪ. "ಅವ್ರ ದೇವ್ರು ಒಳ್ಳೇದು ಮಾಡ್ದ, ಅಷ್ಟೇಯ. ಅವ್ರದ್ದು ಹಣ್ಣುಕಾಯಿ ದೇವ್ರು, ರಕ್ತ ಕೇಳಲ್ಲ. ತಪ್ಪು ಮಾಡಕ್ಕೆ ದಾರಿನೇ ಇಲ್ಲ ಅವ್ರಿಗೆ."

ಉತ್ತರವನ್ನು ಅವನೇ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ, ತಿರುಗಿಸಿ ನೋಡಿರಲಿಲ್ಲ ಅಷ್ಟೇ. ಮುಂದಿನ ಸಾಲಿನ ಮೇಲೆ ಕಣ್ಣಾಡಿಸಿದೆ. ತಳಿ ಎಂದರೇನು ಎಂದೇ ಯೋಚಿಸದ ಜನರೂ ಬರ ಬಂದಾಗ ತಮಗೆ ಬೇಕಾದ ಒಳ್ಳೆಯ ಪ್ರಾಣಿಯನ್ನು ಹೇಗಾದರೂ ಉಳಿಸಿಕೊಳ್ಳುತ್ತಾರೆ, ಹಾಗಾಗಿ ಒಳ್ಳೆಯದರ ಸಂತಾನವೇ ಹೆಚ್ಚಾಗುತ್ತದೆ ಎಂದು ಅಲ್ಲಿತ್ತು. ಬರದ ವರ್ಷಗಳಲ್ಲೂ ಮೊದಲನೆಯದನ್ನೇ ಹಿಡಿದು ನಿಲ್ಲಿಸಿದವನ ಎದುರು ಅದನ್ನು ಓದಲು ನನ್ನಿಂದಾಗಲಿಲ್ಲ. ಎರಡು ಹಾಳೆ ಒಟ್ಟಿಗೆ ಮಗುಚಿ, ಮತ್ತೆ ಪಾರಿವಾಳ ಬಂದಲ್ಲಿಂದ ಓದಿದೆ. ನಾನು ಹೊರಡುವಾಗ ಅಪ್ಪ, "ಪುಸ್ತಕ ಇಲ್ಲೇ ಇರ್ಲಿ. ವಾರ ಪೂರ್ತಿ ಕಾಯಕ್ಕಾಗಲ್ಲ, ಇವ್ಳು ಓದ್ತಾಳೆ" ಎಂದು ಸೊಸೆಯ ಕಡೆ ಕೈ ತೋರಿಸಿದ.

ಬೇಡ ಎನ್ನಲು ಕಾರಣ ಸಿಗಲಿಲ್ಲ. ನಿಲ್ಲಿಸಿದ ಜಾಗಕ್ಕೆ ಬಸ್ ಟಿಕೆಟ್ಟು ಇಟ್ಟು, "ಇಲ್ಲಿಂದ ಓದು" ಎಂದು ಅವಳಿಗೆ ಹೇಳಿದೆ. ಎರಡು ಸಲ ಹೇಳಿದೆ.

ಮುಂದಿನ ಭಾನುವಾರ ಹೋದಾಗ ಅಪ್ಪ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಹಗಲು ಮಲಗುವ ಮನುಷ್ಯನಲ್ಲ. ತಮ್ಮನ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದಳು.

"ಅಕ್ಕ, ನಾನೇಂ ಮಾಡ್ಲಿ. ನೀವು ಟಿಕೆಟ್ ಇಟ್ಟ ಕಡೆಯಿಂದನೇ ಸುರು ಮಾಡ್ದೆ. ಮಾವ ಬ್ಯಾಡ ಅಂದ್ರು. ನಿಡುಗಲ್ ಮಾತು ಬಂತಲ್ಲ, ಅದಾದ ಮೇಲೆ ಎರಡು ಹಾಳೆ ಐತೆ, ಅದು ಚದುವು ಅಂದ್ರು."

ಚದುವು ಎಂದರೆ ತೆಲುಗಿನಲ್ಲಿ ಓದು ಎಂದರ್ಥ. ಸೊಸೆಯನ್ನು ಮುದ್ದು ಮಾಡುವಾಗ ಅಪ್ಪ ಅವಳ ಭಾಷೆಯ ಒಂದೆರಡು ಮಾತು ಆಡುತ್ತಾನೆ.

"ಓದಿದ್ಯಾ?"

"ಓದ್ದೆ. ಎರಡು ಸಲ ಓದ್ಸಿದ್ರು. ಆಮೇಲೆ ಮುದ್ದೆ ಉಣ್ಲಿಲ್ಲ. ಅವತ್ತಿಂದ ಇಂಗೇ ಅಕ್ಕ." ಅವಳ ಕಣ್ಣಲ್ಲಿ ನೀರಿತ್ತು. ಅವಳ ತಪ್ಪೇನೂ ಇರಲಿಲ್ಲ, ಆದರೂ ನನಗೆ ಅವಳ ಮೇಲೆ ಸಿಟ್ಟು ಬಂತು, ಮಾಮೂಲಿನಂತೆ.

ಒಳಗೆ ಹೋಗಿ ಅಪ್ಪನ ಕಾಲಿನ ಹತ್ತಿರ ಕೂತೆ. "ಓದ್ಲಾ ಅಪ್ಪ?"

"ಇವತ್ತು ಬ್ಯಾಡ" ಎಂದ.

ಅದರ ಮುಂದಿನ ವಾರವೂ ಬೇಡ ಎಂದ. ದೂರಲಿಲ್ಲ, ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಆ ಪುಸ್ತಕವನ್ನು ನಮ್ಮ ಮನೆಗೆ ತಂದವಳು ನಾನೇ ಎಂದು ನನ್ನನ್ನು ನಾನು ಬಯ್ದುಕೊಂಡೆ. ಮೂವತ್ತನಾಲ್ಕು ವರ್ಷ ಹೊತ್ತದ್ದನ್ನು ಇನ್ನೊಂದೆರಡು ವರ್ಷ ಹೊತ್ತಿದ್ದರೆ ಏನಾಗುತ್ತಿತ್ತು? ಅಪ್ಪ ತಾನು ಸರಿಯಾಗಿ ನಡೆದುಕೊಂಡೆ ಎಂಬ ನಂಬಿಕೆಯಲ್ಲೇ ಹೋಗುತ್ತಿದ್ದ. ಸತ್ಯ ಹೇಳುವುದು ಒಳ್ಳೆಯದು ಎಂದು ಮಕ್ಕಳಿಗೆ ಹೇಳುವ ಬಾಯಿಂದಲೇ ನಾನು ಎರಡು ಹಾಳೆ ನುಂಗಿದ್ದೆ, ಅದನ್ನೂ ನೆಟ್ಟಗೆ ನುಂಗಲು ಬಂದಿರಲಿಲ್ಲ.

ಪಾಡ್ಯ ಬಂತು. ಬೆಳಿಗ್ಗೆ ಎಂಟರ ಬಿಸಿಲಿಗೆ ರೊಪ್ಪದ ಬಾಗಿಲಿಗೆ ತಂಗಡಿ ಹೂವು ಸಿಕ್ಕಿಸಿದ್ದರು. ತಮ್ಮ ಗಂಡು ಮರಿಗಳನ್ನು ಒಂದು ಮೂಲೆಗೆ ಕೂಡಿದ್ದ. ತಟ್ಟೆಯಲ್ಲಿ ಅರಿಸಿನ, ಚಾಕು, ಮಡಿಚಿದ ಗೋಣಿಯ ತುಂಡು. ನಾನು ಎಂದಿನಂತೆ ಬೇಲಿಯ ಆಚೆ, ಜಾಲಿಮರದ ಕೆಳಗೆ ನಿಂತೆ. ತಮ್ಮನ ಹೆಂಡತಿ ಅಪ್ಪನ ಕೈ ಹಿಡಿದು ತಂದಳು. ಬಾಗಿಲಲ್ಲಿ ಅಪ್ಪ ನಿಂತುಬಿಟ್ಟ.

"ಅವ್ಳೆಲ್ಲಿ?"

"ಇಲ್ಲೇ ಇದೀನಿ ಅಪ್ಪ."

"ಮೆಟ್ಟು ಬುಟ್ಟು ಒಳಕ್ಕೆ ಬಾ."

ತಮ್ಮ ನನ್ನ ಮುಖ ನೋಡಿದ. ನಾನು ಚಪ್ಪಲಿ ಬಿಟ್ಟೆ. ಒಂದು ಹೆಜ್ಜೆ ಇಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೇ ಆಯಿತು, ಒಳಗಿದ್ದೆ. ಹಿಕ್ಕೆಯ ನೆಲ ಕಾಲಿಗೆ ಮೆತ್ತಗೆ, ಬೆಚ್ಚಗೆ ತಾಗಿತು. ಅಳಬಾರದು ಎಂದು ಹಲ್ಲು ಕಚ್ಚಿಕೊಂಡೆ, ಆದರೂ ಅತ್ತೆ.

ಅಪ್ಪ ತಡಕಿ ನನ್ನ ಮುಂಗೈ ಹಿಡಿದುಕೊಂಡ. "ಅವತ್ತು ಎರಡು ಹಾಳೆ ಒಟ್ಟಿಗೆ ಮಗುಚಿದೆ. ಕಣ್ಣು ಹೋದೋನ್ಗೆ ಕಿವೀನೂ ಹೋಗೈತೆ ಅಂತ ತಿಳ್ಕೊಂಡ್ಯಾ?"

"ನಿನ್ಗೆ ಬೇಜಾರಾಗ್ತದೆ ಅಂತ..."

"ಆಯ್ತು. ಆಗ್ದೆ ಇರ್ತೈತಾ." ಅವನ ಧ್ವನಿ ಏರಲಿಲ್ಲ. "ಆ ಮರಿನ ನೀನು ಬುಡ್ದೆ ಇದ್ದಿದ್ರೆ ಬೆಳಿಗ್ಗೆ ನಾನೇ ಕೊಡ್ತಿದ್ದೆ. ಚಿರತೆ ತಿಂದ್ರೂ ಅಷ್ಟೇ, ನಾನು ಕೊಟ್ರೂ ಅಷ್ಟೇ. ಮಂದೇಲಿ ಅದ್ರ ಮರಿ ಹುಟ್ತಿರ್ಲಿಲ್ಲ. ಇಷ್ಟು ತಿಳ್ಕೊಳ್ಳಕ್ಕೆ ನನ್ಗೆ ಒಂದು ಪುಸ್ತಕ ಬೇಕಾಯ್ತು. ನಿನ್ನ ಸುಮ್ಸುಮ್ನೆ ಆಚೆ ನಿಲ್ಲಿಸ್ಬುಟ್ಟೆ ಕಣವ್ವ."

ಆಮೇಲೆ ಮರಿಗಳ ಹತ್ತಿರ ಹೋದ. ಒಂದೊಂದರ ಬೆನ್ನುಹುರಿಯ ಮೇಲೆ ಹೆಬ್ಬೆರಳು ಎಳೆದು, ಮುಂಗಾಲುಗಳ ನಡುವೆ ಅಂಗೈ ಇಟ್ಟು ಎದೆ ಅಳೆದು, ಬಾಯಿ ಬಿಡಿಸಿ ಹಲ್ಲು ಮುಟ್ಟಿ ನೋಡಿದ. ಏಳನೆಯದೋ ಎಂಟನೆಯದೋ ಮರಿಯ ಹತ್ತಿರ ಕೈ ನಿಂತಿತು. ಕಂದು ಬಣ್ಣದ್ದು, ಕಾಲು ಗಟ್ಟಿ, ಹಿಡಿದರೆ ಕೊಸರುವ ಶಕ್ತಿ ಇದ್ದದ್ದು. ಕಣ್ಣಿದ್ದ ನಮಗೂ ಅದೇ ಎಂದು ಗೊತ್ತಿತ್ತು. ತಮ್ಮ ಚಾಕು ಎತ್ತಿಕೊಂಡ.

"ಇದು ಬ್ಯಾಡ. ಇದು ಮಂದೇಗೆ ಇರ್ಲಿ."

"ಅಪ್ಪ, ದೇವ್ರು..." ಎಂದ ತಮ್ಮ.

"ದೇವ್ರಿಗೆ ನಾನು ಯೋಳ್ಕೋತೀನಿ. ಸಿಟ್ಟಾದ್ರೆ ನನ್ ಮ್ಯಾಲೆ ಆಗ್ಲಿ, ನಿಮ್ ಮ್ಯಾಲೆ ಹಾಕಲ್ಲ." ಅಪ್ಪ ಆ ಮರಿಯ ಕತ್ತನ್ನು ಬಹಳ ಹೊತ್ತು ಸವರಿ ಬಿಟ್ಟ. ಬದುಕೆಲ್ಲ ಹಿಡಿದುಕೊಂಡು ಬಂದದ್ದನ್ನು ಆ ಕೈ ಬಿಟ್ಟದ್ದನ್ನು ನಾನು ನೋಡಿದ್ದೇನೆ, ಹಾಗಾಗಿ ಈಗ ಕ್ಲಾಸಿನಲ್ಲಿ ಆ ಪಾಠವನ್ನು ಮೊದಲಿನ ಹಾಗೆ ಸರಸರ ಮುಗಿಸಲು ಆಗುತ್ತಿಲ್ಲ.

ಅಪ್ಪ ನನ್ನ ಕಡೆ ಮುಖ ತಿರುಗಿಸಿದ. "ದೇವ್ರಿಗೆ ಒಂದು ಬೇಕಲ್ಲ. ನೀನೇ ಹಿಡಿ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬೇಲಿಯ ಆಚೆ ನಿಂತ ಅಷ್ಟೂ ವರ್ಷ ಒಳಗೆ ಬರುವುದನ್ನು ಮಾತ್ರ ನೆನೆದಿದ್ದೆ, ಒಳಗೆ ಬಂದವರು ಏನು ಮಾಡಬೇಕು ಎಂಬುದನ್ನು ಮರೆತಿದ್ದೆ. ಮರಿಗಳು ನನ್ನನ್ನು ನೋಡಿದವು. ಹಿಂದಿನ ಎಡಗಾಲು ಸ್ವಲ್ಪ ಒಳಕ್ಕೆ ಬಾಗಿದ್ದ ಒಂದು ಬಿಳಿ ಮರಿ ಮುಂದೆ ಬಂದು ನನ್ನ ಅಂಗೈ ನೆಕ್ಕತೊಡಗಿತು. ಕಣ್ಣು ಒರೆಸಿಕೊಂಡ ಕೈ, ಉಪ್ಪಿತ್ತು. ಆ ಕಾಲು ಮಂದೆಯಲ್ಲಿ ಉಳಿಯಬಾರದು ಎಂದು ಓದಿದ ತಲೆ ತಕ್ಷಣ ಹೇಳಿತು. ನನಗೆ ಆ ತಲೆಯ ಮೇಲೆ ಅಸಹ್ಯವಾಯಿತು. ಆದರೂ ಬಗ್ಗಿ, ಎರಡೂ ಕೈಯಿಂದ ಅದರ ಕತ್ತನ್ನು ಹಿಡಿದೆ. ಹದಿಮೂರು ವರ್ಷದ ಹುಡುಗಿ ನನ್ನೊಳಗೆ ಕಲ್ಲು ಹುಡುಕುತ್ತಿದ್ದಳು.

ಅಪ್ಪ ಪಕ್ಕದಲ್ಲಿ ಮಂಡಿಯೂರಿ ಕೂತು, ತಡಕಿ, ಮರಿಯ ಮೇಲಿದ್ದ ನನ್ನ ಕೈಗಳ ಮೇಲೆ ತನ್ನ ಕೈ ಇಟ್ಟ.

"ಈಗ ಗೊತ್ತಾಯ್ತೇನವ್ವ" ಎಂದ, "ವರ್ಸ ವರ್ಸ ನಾನು ಹೆಂಗೆ ಹಿಡೀತಿದ್ದೆ ಅಂತ."

ಗೊತ್ತಾಯಿತು ಎಂದೆ. ತಮ್ಮ ಕಿವಿ ಕತ್ತರಿಸಿ ಅರಿಸಿನ ಹಚ್ಚಿ ಮುಗಿಸುವ ತನಕ ನಾವಿಬ್ಬರೂ ಮರಿಯನ್ನು ಹಿಡಿದುಕೊಂಡೇ ಇದ್ದೆವು.